ನಿಮ್ಮೂರಿನದು ಎರೆಯೋ, ಮಸಾರಿಯೋ?

ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಕಟ್ಟಡಗಳ ತಳಪಾಯಕ್ಕೆ ಮಣ್ಣು ಪರೀಕ್ಷಿಸುವುದು ನನ್ನ ಕೆಲಸ. ಇಲ್ಲಿನ ಕನ್ನಡಿಗರು ಸಿಕ್ಕರೆ ಮಾತು ಬೇಗನೆ ಊರಿನ ಮನೆಯತ್ತ ತಿರುಗುತ್ತದೆ. ಒಬ್ಬರು ಸಾಲ ಮಾಡಿ ಹೊಸ ಮನೆ ಕಟ್ಟಿಸುತ್ತಿರುತ್ತಾರೆ. ಇನ್ನೊಬ್ಬರು ಕಟ್ಟಿಸಿ ಮೂರೇ ಮಳೆಗಾಲಕ್ಕೆ ಬಿರುಕು ಬಿಟ್ಟ ಗೋಡೆಯ ಫೋಟೊ ತೋರಿಸುತ್ತಾರೆ. ‘ಸಿಮೆಂಟ್ ಸರಿಯಿಲ್ಲ’ ಎಂಬುದು ಅವರ ಅನುಮಾನ. ನಾನು ಮೊದಲು ಕೇಳುವುದು, ‘ನಿಮ್ಮದು ಎರೆಯೋ, ಮಸಾರಿಯೋ?’

ನಾನು ನವಲಗುಂದ ಕಡೆಯ ಎರೆ ನೆಲದವನು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುವ ಕೆಸರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ದಖ್ಖನ್‌ನ ಬಸಾಲ್ಟ್ ಬಂಡೆಯಾಯಿತು. ವಿಜಯಪುರದಿಂದ ಸೊಲ್ಲಾಪುರ, ಮರಾಠವಾಡ, ವಿದರ್ಭದವರೆಗಿನ ಕಪ್ಪು ಮಣ್ಣು ಹೆಚ್ಚಾಗಿ ಆ ಬಂಡೆ ಸವೆದು ಆದದ್ದು. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಹೀರಿ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೀಗೆ ಹಿಡಿದಿಟ್ಟ ತೇವದಲ್ಲೇ ಹಿಂಗಾರಿನ ಬಿಳಿಜೋಳ, ಕಡಲೆ ಬೆಳೆಯುತ್ತವೆ. ಬೆಳೆಗೆ ವರವಾದ ಗುಣವೇ ಗೋಡೆಗೆ ಶಾಪ.

ಕೋಲಾರ, ತುಮಕೂರು, ಹೈದರಾಬಾದ್ ಸುತ್ತಲಿನ ಕೆಂಪು ಮಣ್ಣು ಗ್ರಾನೈಟ್, ನೈಸ್ ಶಿಲೆಗಳಿಂದ ಹುಟ್ಟಿದ್ದು. ಕಬ್ಬಿಣದ ಆಕ್ಸೈಡ್ ಅದಕ್ಕೆ ಬಣ್ಣ ಕೊಟ್ಟಿದೆ. ಅಷ್ಟಾಗಿ ಉಬ್ಬುವುದಿಲ್ಲ. ಕರಾವಳಿಯಲ್ಲೂ ರತ್ನಾಗಿರಿಯಲ್ಲೂ ಜಂಬಿಟ್ಟಿಗೆ. ಕಡಿಯುವಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಇಟ್ಟಿಗೆಯ ಲ್ಯಾಟಿನ್ ಪದದಿಂದ. ನಮ್ಮವರ ಹೆಸರಿನಲ್ಲೂ ಇಟ್ಟಿಗೆಯೇ ಇದೆ! ಮುಂಬೈ ಖಾಡಿಗಳ ಅಂಚಿನ ಮೆದು ಜೇಡಿ ಭಾರಕ್ಕೆ ನಿಧಾನವಾಗಿ ಕುಸಿಯುತ್ತದೆ. ದೆಹಲಿಯ ಯಮುನಾ ದಂಡೆಯಲ್ಲಿ ನೀರು ತುಂಬಿದ ಸಡಿಲ ಮರಳು ಭೂಕಂಪದಲ್ಲಿ ದ್ರವದಂತೆ ವರ್ತಿಸಬಹುದು.

ಹೀಗಿರುವಾಗ ಬೆಂಗಳೂರಿನ ಸ್ನೇಹಿತರ ಮನೆಯ ನಕ್ಷೆಯನ್ನೇ ಎರೆ ಸೀಮೆಗೆ ತಂದು, ಅದೇ ಆಳದ ಪಾಯ ಹಾಕಿದರೆ ಹೇಗೆ? ಎರೆಯಲ್ಲಿ ಪಾಯ ಋತುಮಾನಕ್ಕೆ ತೇವ ಏರಿಳಿಯುವ ಪದರವನ್ನು ದಾಟಿ ಕೆಳಗಿಳಿಯಬೇಕು. ಇಲ್ಲವೇ, ತುದಿಯ ಬಳಿ ಗಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ಬಳಸಬಹುದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದನ್ನು ನಮ್ಮ ಕಪ್ಪು ಮಣ್ಣಿಗೆಂದೇ ಬೆಳೆಸಿತು. ಗೋಡೆಯ ಸುತ್ತ ನೀರು ನಿಲ್ಲದಂತೆ ಇಳಿಜಾರು ಬೇಕು, ದೊಡ್ಡ ಮರ ದೂರವಿರಬೇಕು. ಎಷ್ಟು ಆಳ, ಯಾವ ಪಾಯ ಎಂಬುದನ್ನು ನಿಮ್ಮ ನಿವೇಶನದ ಮಣ್ಣಿನ ಪರೀಕ್ಷೆಯೇ ಹೇಳಬೇಕು. ಪಕ್ಕದ ಮನೆಯವರ ಅನುಭವ ಸಾಲದು. ಮನೆಯ ಒಟ್ಟು ಖರ್ಚಿನಲ್ಲಿ ಈ ಪರೀಕ್ಷೆಯ ಪಾಲು ತೀರಾ ಸಣ್ಣದು.

ದೂರದಲ್ಲಿರುವ ನಮಗೆ ಇದು ಇನ್ನೂ ಮುಖ್ಯ. ದುಡ್ಡು ಇಲ್ಲಿಂದ ಹೋಗುತ್ತದೆ, ಪಾಯ ತೋಡುವಾಗ ನೋಡಲು ನಾವಿರುವುದಿಲ್ಲ. ಆ ಮನೆಯಲ್ಲಿ ಮಲಗುವವರು ವಯಸ್ಸಾದ ಅಪ್ಪ, ಅವ್ವ.

ಹೈದರಾಬಾದಿನಲ್ಲಿರುವ ಗೆಳೆಯರೊಬ್ಬರು ನರಗುಂದದ ಹತ್ತಿರ ಮನೆಗೆ ಮೊದಲು ಮಣ್ಣು ಪರೀಕ್ಷಿಸಿದರು. ಒಂಬತ್ತು ಅಡಿ ಎರೆ. ಗುತ್ತಿಗೆದಾರರು ಹೇಳಿದ್ದು ನಾಲ್ಕು ಅಡಿ ಪಾಯ. ಪಾಯಕ್ಕೆ ಖರ್ಚು ಹೆಚ್ಚಿತು, ಮಹಡಿ ಕೈಬಿಡಬೇಕಾಯಿತು. ‘ನೆಲದೊಳಗೆ ಹೂತ ದುಡ್ಡು ಯಾರಿಗೆ ಕಾಣಸ್ತದ?’ ಎಂದು ಅವರ ತಂದೆ ಇಂದಿಗೂ ಗೊಣಗುತ್ತಾರಂತೆ. ಕಾಣದಿರಲಿ. ಗೋಡೆಯಲ್ಲಿ ಬಿರುಕೂ ಕಾಣದಿದ್ದರೆ ಸಾಕು.