ಕೆಲಸ ಮುಗಿದೊಡನೆ ಕರಗುವ ಆಸರೆ

ಹಬ್ಬದ ಹಿಂದಿನ ದಿನ ಅಡಿಗೆಮನೆಯಲ್ಲಿ ಚಕ್ಕುಲಿ ಒತ್ತುವುದನ್ನು ನೋಡದ ವಾಚಕರು ವಿರಳ. ಒರಳಿನಲ್ಲಿ ಹಿಟ್ಟು ತುಂಬಿ ಅದುಮಿದರೆ ಅಚ್ಚಿನ ರಂಧ್ರದಿಂದ ಎಳೆ ಇಳಿದು ಬಟ್ಟೆಯ ಮೇಲೆ ಸುತ್ತುಸುತ್ತಾಗಿ ಕೂಡುತ್ತದೆ. ಅದೇ ಎಳೆಯಿಂದ ಒಂದು ಕಮಾನನ್ನೋ ಗೋಪುರವನ್ನೋ ಎಬ್ಬಿಸಿರೆಂದು ಗೃಹಿಣಿಯನ್ನು ಕೇಳಿ ನೋಡಿ. ನಾಲ್ಕು ಸುತ್ತು ಏರುವುದರೊಳಗೆ ಎಲ್ಲವೂ ಕುಸಿದು ಮುದ್ದೆಯಾದೀತು!

ಮೂರು ಆಯಾಮಗಳ ಮುದ್ರಣವೆಂಬ ವಿದ್ಯೆಯ ತತ್ತ್ವವೂ ಇದೇ, ತೊಡಕೂ ಇದೇ. ಕಾಗದದ ಮೇಲೆ ಅಕ್ಷರಗಳನ್ನು ಒತ್ತುವ ಬದಲು ಈ ಯಂತ್ರವು ಪದರದ ಮೇಲೆ ಪದರವನ್ನಿಟ್ಟು ವಸ್ತುವನ್ನೇ ಕಟ್ಟುತ್ತದೆ. ಇದರ ಮೊದಲ ವಿಧಾನಗಳಲ್ಲೊಂದಕ್ಕೆ ಅಮೆರಿಕದ ಚಾರ್ಲ್ಸ್ ಹಲ್ 1986ರಲ್ಲಿ ಪೇಟೆಂಟ್ ಪಡೆದರು. ಪ್ಲಾಸ್ಟಿಕ್ಕಿನ ವಸ್ತುವಾದರೆ, ಕೆಳಗೆ ಆಧಾರವಿಲ್ಲದೆ ಚಾಚಿಕೊಂಡ ಭಾಗಗಳಿಗೆ ಯಂತ್ರವೇ ಸಣ್ಣ ಸಣ್ಣ ಕಂಬಗಳನ್ನು ಊರುತ್ತದೆ. ಕಲ್ಲಿನ ಕಮಾನು ಕಟ್ಟುವವರು ಮೊದಲು ಮರದ ಚೌಕಟ್ಟನ್ನು ನಿಲ್ಲಿಸುವಂತೆಯೇ ಇದು. ಕೆಲಸ ಮುಗಿದ ಮೇಲೆ ಕಂಬಗಳನ್ನು ಮುರಿದು ತೆಗೆದರಾಯಿತು.

ಆದರೆ ಕಟ್ಟಬೇಕಾದದ್ದು ಮನುಷ್ಯನ ಹೃದಯವಾದರೆ?

ಮೃದುವಿಗೆ ಮೃದುವೇ ಆಸರೆ

ನಮ್ಮ ಚರ್ಮಕ್ಕೂ ಮೂಳೆಗೂ ಹೃದಯಕ್ಕೂ ಕಟ್ಟಡದ ಸಾಮಗ್ರಿಯಾಗಿರುವ ಪ್ರೋಟೀನು ಕೊಲಾಜೆನ್. ದ್ರಾವಣದ ರೂಪದಲ್ಲಿ ಅದು ಗಂಜಿಯಂತೆ ಹರಿಯುತ್ತದೆ. ಗಾಳಿಯಲ್ಲಿ ಎಳೆ ಎಳೆದರೆ ಹೆಪ್ಪುಗಟ್ಟುವ ಮೊದಲೇ ಚೆಲ್ಲಿಹೋದೀತು. ಕಂಬ ಊರಿದರೆ, ಅದನ್ನು ಕೀಳುವಾಗ ಹೃದಯವೇ ಹರಿದೀತು.

ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಆಡಂ ಫೈನ್‌ಬರ್ಗ್ ಮತ್ತು ಅವರ ಸಹೋದ್ಯೋಗಿಗಳು ಈ ಸಮಸ್ಯೆಗೆ ಕಂಡುಕೊಂಡ ಪರಿಹಾರವನ್ನು 2015ರಲ್ಲಿ ಪ್ರಕಟಿಸಿದರು. ಗಾಳಿಯಲ್ಲಿ ಮುದ್ರಿಸುವುದನ್ನು ಬಿಟ್ಟು ಅವರು ಒಂದು ಮೆತ್ತನೆಯ ತೊಟ್ಟಿಯೊಳಗೆ ಮುದ್ರಿಸಿದರು. ಜೆಲಾಟಿನ್ನನ್ನು ತಣ್ಣಗೆ ಹೆಪ್ಪುಗಟ್ಟಿಸಿ, ಮನೆಯ ಮಿಕ್ಸರಿನಂಥ ಯಂತ್ರದಲ್ಲಿ ಅರೆದು, ಅದರ ನುಣ್ಣನೆಯ ಕಣಗಳನ್ನು ಪಾತ್ರೆಯ ತುಂಬ ತುಂಬಿದರು. ತೊಟ್ಟಿಯೆಂದರೆ ಇಷ್ಟೇ.

ಇದರ ಗುಣವನ್ನು ಬೆಣ್ಣೆಯ ಬಟ್ಟಲಲ್ಲಿ ಕಾಣಬಹುದು. ಚಮಚ ಒತ್ತಿದರೆ ಬೆಣ್ಣೆ ದಾರಿ ಬಿಡುತ್ತದೆ. ಒತ್ತದಿದ್ದರೆ ಇದ್ದಲ್ಲೇ ಇರುತ್ತದೆ. ಜೆಲಾಟಿನ್ ಕಣಗಳ ರಾಶಿಯೂ ಸೂಜಿಯ ಮುಂದೆ ನೀರಿನಂತೆ ಸರಿದು, ಸೂಜಿ ದಾಟಿದೊಡನೆ ಹಿಂದಿನ ದಾರಿಯನ್ನು ಮುಚ್ಚಿಕೊಂಡು ಗಟ್ಟಿಯಾಗಿ ನಿಲ್ಲುತ್ತದೆ. ಸೂಜಿ ಬಿಟ್ಟುಹೋದ ಎಳೆ ಬಿಟ್ಟಲ್ಲೇ ತೇಲಿದಂತೆ ನಿಂತು, ತೊಟ್ಟಿಯ ದ್ರವದಲ್ಲಿ ಬೆರೆಸಿಟ್ಟ ರಸಾಯನದ ಸಂಪರ್ಕದಿಂದ ಹೆಪ್ಪುಗಟ್ಟುತ್ತದೆ.

ಆಮೇಲೆ ಪಾತ್ರೆಯನ್ನು 37 ಡಿಗ್ರಿ ಸೆಲ್ಸಿಯಸ್‌ಗೆ, ಎಂದರೆ ನಮ್ಮ ಮೈಯ ಬಿಸಿಗೆ, ತರುತ್ತಾರೆ. ಜೆಲಾಟಿನ್ ಕರಗಿ ಹರಿದುಹೋಗುತ್ತದೆ, ಕೊಲಾಜೆನ್ ಉಳಿಯುತ್ತದೆ. ಇಲ್ಲೊಂದು ಸ್ವಾರಸ್ಯವುಂಟು. ಜೆಲಾಟಿನ್ ಎಂಬುದು ಪ್ರಾಣಿಗಳ ಚರ್ಮ, ಮೂಳೆಗಳ ಕೊಲಾಜೆನ್ನನ್ನೇ ಬೇಯಿಸಿ ಪಡೆದ ಪದಾರ್ಥ. ಹೋಗುವುದೂ ಉಳಿಯುವುದೂ ಒಂದೇ ಮನೆಯವು!

ಮಿಡಿದ ಕೋಣೆ

ಮೊದಲು ಮುದ್ರಿತವಾದವುಗಳಲ್ಲಿ ತೊಡೆಯ ಮೂಳೆಯ ಪ್ರತಿಕೃತಿಯೂ ಕೋಳಿಯ ಭ್ರೂಣದ ಹೃದಯದ ಪ್ರತಿಕೃತಿಯೂ ಇದ್ದವು. ಆಗಿನ ಸೂಕ್ಷ್ಮತೆ ಸುಮಾರು 200 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕಣಗಳನ್ನು ಇನ್ನೂ ಚಿಕ್ಕದಾಗಿ, ದುಂಡಗೆ ಮಾಡಿದಂತೆ ಎಳೆಯೂ ನಯವಾಯಿತು. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು 20 ಮೈಕ್ರಾನ್ ದಪ್ಪದ ಕೊಲಾಜೆನ್ ಎಳೆಗಳನ್ನು ವರದಿಮಾಡಿದರು. ಹೃದಯದ ಕವಾಟವನ್ನು ಮುದ್ರಿಸಿದರು. ಎಡಗೋಣೆಯ ಒಂದು ಚಿಕ್ಕ ಮಾದರಿಗೆ ಮಾನವ ಹೃದಯ ಸ್ನಾಯುವಿನ ಸಜೀವ ಕೋಶಗಳನ್ನು ತುಂಬಿದಾಗ ಅದು ಒಂದೇ ಲಯದಲ್ಲಿ ಮಿಡಿಯಿತು. ಸಂಕೋಚನದ ವೇಳೆ ಅದರ ಗೋಡೆ ಶೇಕಡ 14ರವರೆಗೆ ದಪ್ಪವಾಯಿತು. 2020ರಲ್ಲಿ ಅದೇ ತಂಡವು ಕಡಲ ಪಾಚಿಯಿಂದ ದೊರೆಯುವ ಆಲ್ಜಿನೇಟಿನಿಂದ ಪೂರ್ಣಗಾತ್ರದ ಮಾನವ ಹೃದಯದ ಮಾದರಿಯನ್ನು ಮುದ್ರಿಸಿತು. ಅದು ಮಿಡಿಯಲು ಮಾಡಿದ್ದಲ್ಲ. ಶಸ್ತ್ರವೈದ್ಯರು ರೋಗಿಯ ಎದೆ ತೆರೆಯುವ ಮುನ್ನ ಹೊಲಿಗೆ ಹಾಕಿ ಅಭ್ಯಾಸ ಮಾಡಲು ಅನುಕೂಲವಾಗುವಷ್ಟು ಮೃದುವಾದ ಮಾದರಿ.

ಹಾಗಾದರೆ ಕಸಿಗೆ ಯೋಗ್ಯವಾದ ಹೃದಯ ಸಿದ್ಧವಾಯಿತೇ? ಇನ್ನೂ ಇಲ್ಲ. ಅದಕ್ಕೆ ಕೋಟ್ಯಂತರ ಕೋಶಗಳು ಬೇಕು. ರಕ್ತನಾಳದಿಂದ 200 ಮೈಕ್ರಾನಿಗಿಂತ ಹೆಚ್ಚು ದೂರವಿರುವ ಕೋಶ ಆಮ್ಲಜನಕವಿಲ್ಲದೆ ಬದುಕಲಾರದು; ಆದ್ದರಿಂದ ಆ ಮಾಂಸದೊಳಗೆ ಎಲ್ಲೆಲ್ಲೂ ಟೊಳ್ಳು ನಾಳಗಳ ಬಲೆ ಹರಡಿರಬೇಕು. ಅಂಥ ಟೊಳ್ಳು ಬಲೆಯೇ ಗಾಳಿಯಲ್ಲಿ ಕುಸಿಯುವಂಥದು, ಮೆತ್ತನೆಯ ಆಸರೆಯನ್ನು ಬೇಡುವಂಥದು.

ಮತ್ತೊಬ್ಬರ ಸಾವಿನಿಂದ ದೊರೆಯುವ ಹೃದಯಕ್ಕಾಗಿ ಕಾದಿರುವ ರೋಗಿಯ ಮನೆಯವರ ಸಂಕಟವನ್ನು ಹೇಳಬೇಕಾದ್ದಿಲ್ಲ. ರೋಗಿಯ ಸ್ವಂತ ಕೋಶಗಳಿಂದಲೇ ಹೃದಯ ಕಟ್ಟುವ ದಿನ ಬಂದರೆ ಆ ಕಾಯುವಿಕೆ ಕೊನೆಗೊಂಡೀತು. ಅಂದು ಅದನ್ನು ಎದೆಯಲ್ಲಿ ಹೊತ್ತವನಿಗೆ ಅದು ಯಾವುದರ ಮಡಿಲಲ್ಲಿ ರೂಪುಗೊಂಡಿತೆಂಬುದರ ಗುರುತೂ ಸಿಗಲಾರದು. ಮಡಿಲು ಮೈಬಿಸಿಗೆ ಕರಗಿ, ಎಂದೋ ಹರಿದುಹೋಗಿರುತ್ತದೆ.