ಕ್ಲೈಡ್ ದಂಡೆಯ ಗಿರಣಿ ಊರು

ಸ್ಕಾಟ್‌ಲೆಂಡಿನ ಲ್ಯಾನಾರ್ಕ್ ಪಟ್ಟಣದ ಬಳಿ ಕ್ಲೈಡ್ ನದಿ ಆಳವಾದ ಕಮರಿಗೆ ಧುಮುಕುತ್ತದೆ. ಆ ನೀರಿನ ರಭಸ ಗ್ಲಾಸ್ಗೋದ ವ್ಯಾಪಾರಿ ಡೇವಿಡ್ ಡೇಲ್‌ನ ಕಣ್ಣಿಗೆ ಬಿದ್ದದ್ದೇ ನ್ಯೂ ಲ್ಯಾನಾರ್ಕ್ ಎಂಬ ಊರು ಹುಟ್ಟಲು ಕಾರಣ. ಬಂಡೆಯಲ್ಲಿ ಸುರಂಗ ಕೊರೆದು ನೀರು ತಂದರು; 1786ರಲ್ಲಿ ಹತ್ತಿ ನೂಲುವ ಯಂತ್ರಗಳು ತಿರುಗತೊಡಗಿದವು.

ನೀರೇನೋ ಇತ್ತು, ಜನ ಇರಲಿಲ್ಲ. ಹಾಗಾಗಿ ಗಿರಣಿಯ ಜೊತೆಗೆ ಮನೆಗಳನ್ನೂ ಕಟ್ಟಬೇಕಾಯಿತು. 1791ರಲ್ಲಿ ಅಮೆರಿಕಕ್ಕೆ ಹೊರಟಿದ್ದ ವಲಸಿಗರ ಹಡಗು ಬಿರುಗಾಳಿಗೆ ಸಿಕ್ಕಿ ಮರಳಿದಾಗ, ಡೇಲ್ ಅವರನ್ನು ಕೆಲಸಕ್ಕೆ ಕರೆದ. ಉಳಿದ ಕೊರತೆಯನ್ನು ನೀಗಿಸಿದವರು ಅನಾಥ ಮಕ್ಕಳು. 1793ರ ಹೊತ್ತಿಗೆ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಕ್ಕಳೇ. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಗಿರಣಿ, ಆಮೇಲೆ ಪಾಠ! ಆ ಕಾಲಕ್ಕೆ ಡೇಲ್ ಕರುಣಾಳು ಎನಿಸಿಕೊಂಡಿದ್ದ ಎಂಬುದನ್ನು ಮರೆಯಬಾರದು. ಬೇರೆಡೆ ಆ ಪಾಠವೂ ಇರಲಿಲ್ಲ.

1800ರಲ್ಲಿ ಆಡಳಿತ ವಹಿಸಿಕೊಂಡವನು ಡೇಲ್‌ನ ಅಳಿಯ ರಾಬರ್ಟ್ ಓವನ್. ಹತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಗೆ ಸೇರಿಸುವುದನ್ನು ಅವನು ನಿಲ್ಲಿಸಿದ. ದೊಡ್ಡವರಿಗೆ ಹೊಡೆತ ಬೈಗುಳದ ಬದಲು ವಿಚಿತ್ರ ಉಪಾಯವೊಂದನ್ನು ತಂದ: ಪ್ರತಿಯೊಬ್ಬರ ಪಕ್ಕದಲ್ಲೂ ನಾಲ್ಕು ಬಣ್ಣದ ಮರದ ತುಂಡು. ನಿನ್ನೆಯ ಕೆಲಸ ಕೆಟ್ಟಿದ್ದರೆ ಕಪ್ಪು ಮುಂದೆ. ಸಾಧಾರಣಕ್ಕೆ ನೀಲಿ, ಚೆನ್ನಾಗಿದ್ದರೆ ಹಳದಿ, ಅತ್ಯುತ್ತಮಕ್ಕೆ ಬಿಳಿ. ಬೆತ್ತಕ್ಕಿಂತ ಇದು ಮೇಲೇ ಇರಬಹುದು. ಆದರೆ ದಿನವಿಡೀ ಎಲ್ಲರೆದುರು ಕಪ್ಪು ಬಣ್ಣ ಹೊತ್ತು ನಿಲ್ಲುವವನ ಪಾಡನ್ನು ಊಹಿಸಿ.

ಅಮೆರಿಕದಿಂದ ಹತ್ತಿ ಬರುವುದು ನಿಂತು ಗಿರಣಿ ನಾಲ್ಕು ತಿಂಗಳು ಸ್ತಬ್ಧವಾದಾಗ ಓವನ್ ಯಾರ ಕೂಲಿಯನ್ನೂ ಕಡಿಯಲಿಲ್ಲ. ಕಾರ್ಮಿಕರು ಅವನನ್ನು ನಂಬಿದ್ದು ಆಗಲೇ. ಕಂಪೆನಿಯ ಅಂಗಡಿಯಲ್ಲಿ ಕಲಬೆರಕೆಯಿಲ್ಲದ ಸಾಮಾನು ಅಗ್ಗಕ್ಕೆ ಸಿಗುತ್ತಿತ್ತು, ಅದರ ಲಾಭ ಶಾಲೆಗೆ. 1816ರಲ್ಲಿ ತೆರೆದ ವಿದ್ಯಾಮಂದಿರದಲ್ಲಿ ನಡೆಯಲು ಕಲಿತ ಕೂಸುಗಳಿಗೂ ಜಾಗವಿತ್ತು. ಹಾಡು, ಕುಣಿತ, ಭೂಪಟ ಎಲ್ಲ ಇತ್ತು, ಶಿಕ್ಷೆ ಇರಲಿಲ್ಲ.

ಇಷ್ಟೆಲ್ಲದರ ನಡುವೆ ಒಂದು ಮಾತು ಹೇಳಲೇಬೇಕು. ಗಿರಣಿಗೆ ಬರುತ್ತಿದ್ದ ಹತ್ತಿಯಲ್ಲಿ ಬಹುಪಾಲು ಅಮೆರಿಕದ ಗುಲಾಮರು ಬಿಡಿಸಿದ್ದು. ಓವನ್‌ನ ಮಕ್ಕಳ ಶಾಲೆಗೆ ಆ ಹೊಲಗಳೂ ದುಡಿದವು. ಊರನ್ನು ಹೊಗಳುವವರು ಇದನ್ನು ಬಹುಕಾಲ ಬದಿಗಿಟ್ಟಿದ್ದರು.

1825ರಲ್ಲಿ ಓವನ್ ಊರನ್ನು ಬಿಟ್ಟು ಅಮೆರಿಕದಲ್ಲಿ ಸಮಾನತೆಯ ಗ್ರಾಮ ಕಟ್ಟಲು ಹೋದ. ಅದು ಬೇಗ ಮುರಿದುಬಿತ್ತು. ಇತ್ತ ಗಿರಣಿ ಕೈಯಿಂದ ಕೈಗೆ ದಾಟುತ್ತ 1968ರವರೆಗೆ ನಡೆದು ಮುಚ್ಚಿತು. ಹಾಳು ಬೀಳುತ್ತಿದ್ದ ಕಟ್ಟಡಗಳನ್ನು 1974ರಲ್ಲಿ ರಚನೆಯಾದ ಟ್ರಸ್ಟ್ ದುರಸ್ತಿ ಮಾಡಿಸಿತು. 2001ರಲ್ಲಿ ಊರು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕಾರ್ಮಿಕರಿಗೆಂದು ಕಟ್ಟಿದ ಕಲ್ಲಿನ ಮನೆಸಾಲುಗಳಲ್ಲಿ ಈಗಲೂ ಸಂಸಾರಗಳಿವೆ.