ಮಾದಾವರದಲ್ಲಿ ಇಳಿದರೆ ಜಯದೇವದವರೆಗೂ ಮೆಟ್ರೊ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ತುಮಕೂರು ಮಾರ್ಗವಾಗಿ ಬಸ್ಸಲ್ಲಿ ಬೆಂಗಳೂರಿಗೆ ಹೋಗೋರು ಇದನ್ನ ಕೇಳಿ.

2024ರ ನವೆಂಬರ್ 7ರಂದು ನಮ್ಮ ಮೆಟ್ರೊ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರಕ್ಕೆ ಬಂತು. ಉದ್ದ ಬರೀ 3.14 ಕಿಲೋಮೀಟರ್, ಮೂರೇ ನಿಲ್ದಾಣ. ಆದರೂ ನಮ್ಮ ಕಡೆಯವರಿಗೆ ದೊಡ್ಡ ಅನುಕೂಲ. ಯಾಕಂದ್ರೆ ಮಾದಾವರ ಇರೋದು ತುಮಕೂರು ರಸ್ತೆಯಲ್ಲೇ, ಪೀಣ್ಯ, ಗೊರಗುಂಟೆಪಾಳ್ಯದ ಟ್ರಾಫಿಕ್‌ಗೆ ಸಿಕ್ಕಿಕೊಳ್ಳೋ ಮುಂಚೆ.

ಆಸ್ಪತ್ರೆಗೆ ಹೊರಟವರು ಗಮನಿಸಿ. ವಿಕ್ಟೋರಿಯಾ, ಮಿಂಟೊ, ವಾಣಿವಿಲಾಸಕ್ಕೆ ಹೋಗಬೇಕಾ? ಅದೇ ರೈಲಲ್ಲಿ ಕೂತು ಕೆ.ಆರ್. ಮಾರ್ಕೆಟ್‌ನಲ್ಲಿ ಇಳೀರಿ. ಹೃದಯ ತೋರಿಸೋಕೆ ಜಯದೇವಕ್ಕಾ? ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗ ಹಿಡೀರಿ. 2025ರ ಆಗಸ್ಟ್‌ನಲ್ಲಿ ಶುರುವಾದ ಆ ಮಾರ್ಗದಲ್ಲಿ ರಾಗಿಗುಡ್ಡ ಆದ ತಕ್ಷಣ ಬರೋದೇ ಜಯದೇವ ಆಸ್ಪತ್ರೆ ನಿಲ್ದಾಣ. ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಮೆಜೆಸ್ಟಿಕ್‌ನಲ್ಲಿ ಆಟೊಗೆ ಚೌಕಾಸಿ ಮಾಡೋ ಕಷ್ಟ ತಪ್ಪುತ್ತೆ.

ನೆಂಟರ ಮನೆಗೆ ತೆಂಗಿನಕಾಯಿ ಒಯ್ಯೋರು ಚೀಲ ಚಿಕ್ಕದಾಗಿ ಇಟ್ಕೊಳ್ಳಿ, ಒಳಗೆ ಹೋಗೋವಾಗ ಸ್ಕ್ಯಾನ್ ಮಾಡ್ತಾರೆ.

ಮಾದಾವರದಿಂದ ತುಮಕೂರಿಗೇ ಮೆಟ್ರೊ ತರೋ ಪ್ರಸ್ತಾಪವೂ ಇದೆ. ನನ್ನ ಕೇಳಿದ್ರೆ, ಅದಕ್ಕಿಂತ ಮೊದಲು ಬೇಕಾಗಿರೋದು ನಮ್ಮ ಕಡೆಯ ಪ್ರತಿ ಬಸ್ಸಿಗೂ ಮಾದಾವರದಲ್ಲಿ ಒಂದು ಖಾಯಂ ಸ್ಟಾಪ್. ಅಲ್ಲಿವರೆಗೆ, ಬಸ್ ಹತ್ತುವಾಗಲೇ ಕಂಡಕ್ಟರನ್ನ ಕೇಳ್ಕೊಳ್ಳಿ.